ರೊಟ್ಟಿ ಸದ್ದು ಕೇಳದ ಮೈಕು

೧೯೪೬ರ ಶ್ರಾವಣದ ಮೊದಲ ಸೋಮವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಶಿವಕಾಂತಮ್ಮ ಮಠದ ದಾಸೋಹದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಐದಕ್ಕೆ ಶುರುವಾದ ಪ್ರವಚನ ಆ ನಿಮಿಷಕ್ಕೆ ನಿಂತುಹೋಯಿತು. ಸಾವಕಾರ ನಾಗೇಂದ್ರಪ್ಪ ಜೇಬಿನಿಂದ ಗಡಿಯಾರ ತೆಗೆದು, ಇಡೀ ಸಭೆಗೆ ಕೇಳುವಂತೆ ಹೊತ್ತು ಹೇಳಿದ.

ಊರಿಗೆ ಮೈಕು ಬಂದದ್ದು ಅಂದೇ ಮೊದಲು. ಊರು ಸೇಡಂ ತಾಲ್ಲೂಕಿನದು. ಕುರಕುಂಟಾ ಸ್ಟೇಷನ್ನಿಗೆ ಇಳಿದರೆ ಬಂಡಿಯಲ್ಲಿ ಅರ್ಧ ತಾಸಿನ ದಾರಿ. ವಿದ್ಯುತ್ತು ಇರಲಿಲ್ಲ. ಶಹಾಬಾದಿನ ಶೌಕತ ಅಲಿ ಎಂಬಾತ ಮೋಟಾರಿನ ಬ್ಯಾಟರಿ, ಸದ್ದು ಹೆಚ್ಚಿಸುವ ಪೆಟ್ಟಿಗೆ, ದನಿ ಹೊರಗೆ ಬಿಡುವ ತಗಡಿನ ಒಂದು ಭೋಂಗಾ, ಮೇಜಿನ ಮೇಲೆ ಇಡುವ ಒಂದು ಮೈಕು, ಇಷ್ಟನ್ನು ರೈಲಿನಲ್ಲಿ ತಂದು, ಭೋಂಗಾವನ್ನು ಮಠದ ದಕ್ಷಿಣಕ್ಕಿದ್ದ ಬೇವಿನ ಮರಕ್ಕೆ ಕಟ್ಟಿದ್ದ. ಕರೆಸಿದವ ನಾಗೇಂದ್ರಪ್ಪ. ತಹಸೀಲು ಕಚೇರಿಯಿಂದ ಇಜಾಜತ್ತು, ಅಂದರೆ ಪರವಾನಗಿ, ತಂದವನೂ ಅವನೇ. ಪ್ರವಚನ ಸಂತೆಯ ಬಯಲಿನವರೆಗೂ ಕೇಳಬೇಕು, ಮತ್ತು ಅದು ತನ್ನಿಂದ ಆಯಿತೆಂದು ಎಲ್ಲರಿಗೂ ತಿಳಿಯಬೇಕು ಎಂಬುದು ಅವನ ಆಸೆ.

ಭೋಂಗಾದಿಂದ ಮೊದಲು ಕೇಳಿದ್ದು ಪ್ರವಚನಕಾರರಾದ ಚಿತ್ತಾಪುರದ ಗುರುಲಿಂಗಯ್ಯ ಶಾಸ್ತ್ರಿಗಳ ಮಂಗಳಾಚರಣೆ. ಅದರ ಬೆನ್ನಿಗೇ ಧಪ್, ಧಪ್, ಧಪ್ ಎಂದು ರೊಟ್ಟಿಯ ಸದ್ದು. ದಾಸೋಹದ ಮನೆಗೂ ಪ್ರವಚನದ ಹಜಾರಕ್ಕೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಮಾನು. ಒಳಗೆ ಹತ್ತಾರು ಹೆಂಗಸರು ಶಹಾಬಾದಿನಿಂದ ಬರುವ ಪರಸಿ ಹಾಸುಗಲ್ಲಿನ ಮೇಲೆ ಬಡಿಯುತ್ತಿದ್ದ ರೊಟ್ಟಿಯ ಸದ್ದು ಕಮಾನಿನಿಂದ ಹೊರಟು, ಮೈಕಿಗೆ ಹೊಕ್ಕು, ಬೇವಿನ ಮರದಿಂದ ಊರ ಮೇಲೆ ಬೀಳುತ್ತಿತ್ತು. ಜನ ಮುಸಿಮುಸಿ ನಕ್ಕರು. ಶಾಸ್ತ್ರಿಗಳು ದನಿ ಏರಿಸಿದರು. ಶೌಕತ ಅಲಿ ಪೆಟ್ಟಿಗೆಯ ಗುಂಡಿ ಇನ್ನಷ್ಟು ತಿರುವಿದ. ಅದೇ ಹೊತ್ತಿಗೆ ಶಿವಕಾಂತಮ್ಮನ ಪಕ್ಕದ ಒಲೆಯ ಭಾಗಮ್ಮ ಬಾಯಿ ತೆಗೆದಳು. ಭಾಗಮ್ಮನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಗುಟ್ಟು ಹೇಳಿದರೂ ಓಣಿಗೆ ಕೇಳುತ್ತಿತ್ತು.

"ಯಕ್ಕಾ, ಸಾವಕಾರನ ಜ್ವಾಳದ ಹಿಟ್ಟಿನಾಗ ಹುಳ ನೋಡ, ಹೆಂಗ ಹರದಾಡಲಿಕತ್ತಾವ! ಪುಣ್ಯಾ ಬರ್ಲಿ ಅಂತ ಕೊಟ್ಟಾನೊ, ಕಣಜದ ತಳಾ ಬಳದು ಕೊಟ್ಟಾನೊ!"

ಇದೂ ಬೇವಿನ ಮರದಿಂದ ಸಂತೆಯ ಬಯಲಿಗೆ ಹೋಯಿತು. ಈಗ ಯಾರೂ ಮುಸಿಮುಸಿ ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಸ್ತ್ರಿಗಳು ನಿಲ್ಲಿಸಿದರು. ನಾಗೇಂದ್ರಪ್ಪ ಗಡಿಯಾರ ತೆಗೆದದ್ದು ಆಗ.

"ಐದ ಹತ್ತು! ಶ್ರಾವಣದ ಮೊದಲನೇ ದಿನ, ಪ್ರವಚನ ಹತ್ತ ನಿಮಿಷಕ್ಕ ನಿಂತದ, ಈ ಹೆಂಗಸರ ಗದ್ದಲಕ್ಕ!"

ಅವನು ಕಮಾನಿನ ಹತ್ತಿರ ಬಂದು ನಿಂತ. ಹುಳದ ಮಾತು ಎತ್ತಲಿಲ್ಲ. ಎತ್ತುವಂತಿರಲಿಲ್ಲ. "ನಾಳಿಂದ ಒಲಿ ಎಲ್ಲಾ ಹಳ್ಳದ ಆಚಿ ಕಣದಾಗ ಹೂಡ್ರಿ. ಇಲ್ಲಿ ರೊಟ್ಟಿ ಬಡಿಯೋದು ಬಂದ್," ಎಂದ.

ಶಿವಕಾಂತಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ತಲೆ ಎತ್ತಿದಳು. "ಕಣಕ್ಕ ಪ್ರವಚನ ಕೇಳಸತದೇನು?"

"ಭೋಂಗಾ ಅದ ಅಲ್ಲಾ."

"ಭೋಂಗಾದ ಬಾಯಿ ಸಂತಿ ಕಡಿ ಅದ. ಕಣ ಅದರ ಬೆನ್ನ ಹಿಂದ, ಹಳ್ಳದ ತಗ್ಗಿನಾಗ. ಭೋಂಗಾ ಈ ಕಡಿ ತಿರಗಸ್ತೀಯೇನು?"

"ರೊಟ್ಟಿ ಬಡಿಯವರ ಸಲುವಾಗಿ ಭೋಂಗಾ ತಿರಗಸಬೇಕಾ? ರೊಟ್ಟಿ ಬಡಿಲಿಕ್ಕ ಕೈ ಬೇಕು. ಕಿವಿ ಯಾಕ ಬೇಕು?"

ಶಿವಕಾಂತಮ್ಮನ ಸಿಟ್ಟನ್ನು ಬಲ್ಲವರು ಆಗ ಒಂದು ಹೆಜ್ಜೆ ಹಿಂದೆ ಸರಿದರು. ಆಕೆ ಸಿಟ್ಟಾದರೆ ಕೂಗುತ್ತಿರಲಿಲ್ಲ. ಸಿಟ್ಟು ಏರಿದಷ್ಟೂ ಆಕೆಯ ಮಾತಿನಲ್ಲಿ ಮರ್ಯಾದೆ ಏರುತ್ತಿತ್ತು. ಹಿಂದೊಮ್ಮೆ ಅವಳ ಭಾವ ಬದು ಮೀರಿ ಅವಳ ಹೊಲದ ಒಂದು ಪಟ್ಟಿ ಉತ್ತಾಗ, ಆಕೆ ಸಾಲಿಗೆ ಅಡ್ಡ ನಿಂತು, "ಭಾವಾರ್ರೀ, ತಮ್ಮ ಎತ್ತಿಗಿ ದಾರಿ ತಪ್ಪೇದೇನ್ರೀ? ತಾವು ಜರಾ ಕುಂದರ್ರೀ, ನಾವು ಅವಕ್ಕ ಮನಿ ತೋರಸ್ತೀವ್ರೀ" ಎಂದು, ನೊಗಕ್ಕೆ ಕೈ ಹಾಕಿ ಜೋಡಿಯನ್ನೇ ತಿರುಗಿಸಿ ಕಳಿಸಿದ್ದಳು. ತಾನು ಯಾವಾಗಲೂ ಏಕವಚನದಲ್ಲಿ ಮಾತಾಡಿಸುತ್ತಿದ್ದ ಓಣಿಯ ಹುಡುಗ ನಾಗೇಂದ್ರಪ್ಪನಿಗೆ ಈಗ ಆಕೆ ಹೀಗೆ ಹೇಳಿದಳು:

"ಸಾವಕಾರ್ರೀ, ತಾವು ಭಾಳ ದೊಡ್ಡವರ್ರೀ. ಗದ್ದಲ ನಮ್ದಲ್ರೀ. ಹೋದ ವರ್ಷನೂ ಇದೇ ಕಲ್ಲು, ಇದೇ ಕೈ, ಇದೇ ರೊಟ್ಟಿ. ಯಾರ ಕಿವಿಗೂ ಹತ್ತಿರಲಿಲ್ರೀ. ಗದ್ದಲ ತಾವು ತಂದಿಟ್ಟ ಡಬ್ಬಿದದ್ರೀ. ಅದನ್ನ ಕಣಕ್ಕ ಕಳಸ್ರೀ."

ಆಕೆಗೆ ಯಾಕೆ ಇಷ್ಟು ಸಿಟ್ಟು ಬಂತೆಂದು ತಿಳಿಯಲು ಆಕೆ ಆ ಒಲೆಯ ಮುಂದೆ ಬಂದು ಕೂತದ್ದು ಹೇಗೆಂದು ಹೇಳಬೇಕು. ಶಿವಕಾಂತಮ್ಮ ಚಿಂಚೋಳಿ ತಾಲ್ಲೂಕಿನ ಐನಾಪುರದ ಮಗಳು. ಗಂಡ ದೊಡ್ಡ ಜ್ವರದ ವರ್ಷ, ೧೯೧೮ರಲ್ಲಿ, ಮೂರು ದಿನ ಮಲಗಿ ತೀರಿಕೊಂಡ. ಮುಂದಿನ ಶ್ರಾವಣದಲ್ಲಿ ಆಕೆ ಪ್ರವಚನಕ್ಕೆ ಹೋದಾಗ ಹಜಾರದಲ್ಲಿ ಕೂಡಲು ಜಾಗ ಸಿಕ್ಕಿತು, ಆದರೆ ಕಂಬದ ಹಿಂದೆ. ಅಲ್ಲಿಂದ ಎರಡು ಸಲ ಎಬ್ಬಿಸಿದರು. ಮೂರನೆಯ ಸಲ ತಾನೇ ಎದ್ದು, ಕಮಾನು ದಾಟಿ ಒಳಗೆ ಹೋಗಿ, ಹಿಟ್ಟಿನ ಪರಾತದ ಮುಂದೆ ಕೂತಳು. ಅಲ್ಲಿಂದ ಯಾರೂ ಎಬ್ಬಿಸಲಿಲ್ಲ. ಕೂತಲ್ಲಿಗೆ ಪ್ರತಿ ಮಾತೂ ಕೇಳುತ್ತಿತ್ತು.

ಅಕ್ಷರ ಬಾರದ ಆಕೆಗೆ ವರ್ಷದ ಹನ್ನೊಂದು ತಿಂಗಳು ಹೊಲ, ಒಂದು ತಿಂಗಳು ಇದು. ರೊಟ್ಟಿ ಬಡಿಯುತ್ತ ಕೇಳಿದ್ದನ್ನು ರಾತ್ರಿ ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. ಹಜಾರದಲ್ಲಿ ಕೂತಿದ್ದ ಗಂಡಸರಿಂದ ಮನೆಗೆ ಬರುತ್ತಿದ್ದ ಸುದ್ದಿ ಸಾಮಾನ್ಯವಾಗಿ "ಚಲೋ ಹೇಳಿದ್ರು" ಎಂಬಷ್ಟೇ. ಶಿವಕಾಂತಮ್ಮ ಹೇಳಿದರೆ ಶಾಸ್ತ್ರಿಗಳು ಎಲ್ಲಿ ತಡೆದು ಎಲ್ಲಿ ಮುಂದುವರಿದರು ಎಂಬುದೂ ಬರುತ್ತಿತ್ತು. ಒಲೆಗಳು ಕಣಕ್ಕೆ ಹೋದರೆ ಭೋಂಗಾದ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಕೆಯೂ ಆಕೆಯಿಂದ ಕೇಳುವವರೂ ಆ ಒಂದು ತಿಂಗಳನ್ನು ಕಳೆದುಕೊಳ್ಳುತ್ತಿದ್ದರು.

ಜಗಳ ಬೆಳೆಯುವುದನ್ನು ಕಂಡು ಶಾಸ್ತ್ರಿಗಳೇ ನಡುವೆ ಬಂದರು. "ಮುಂದಿನ ಸೋಮವಾರದ ತನಕ ಮೈಕು ಬ್ಯಾಡ, ಬಾಯಿಲೇ ಹೇಳತೀನಿ. ಅಷ್ಟರಾಗ ಮೈಕು ಸುಧಾರಸಿದ್ರ ಒಲಿ ಇಲ್ಲೇ ಇರ್ಲಿ. ಇಲ್ಲಂದ್ರ ಸಾವಕಾರ್ರು ಹೇಳಿದಂಗ," ಎಂದರು. ನಾಗೇಂದ್ರಪ್ಪ ಒಪ್ಪಿದ. ಡಬ್ಬಿಯನ್ನು ಸುಧಾರಿಸಲು ಯಾರಿಂದಲೂ ಆಗದೆಂದು ಅವನಿಗೆ ಖಾತ್ರಿಯಿತ್ತು.

ಅಂದು ಸಾಮಾನು ಕಟ್ಟುತ್ತಿದ್ದ ಶೌಕತ ಅಲಿಯ ಮುಂದೆ ಶಿವಕಾಂತಮ್ಮ ಬಂದು ನಿಂತಳು. ಅವನು ಮೈಕನ್ನು ಪಂಜೆಯಲ್ಲಿ ಸುತ್ತುತ್ತಿದ್ದ.

"ಇದಕ್ಕ ಕಿವಿ ಎಲ್ಲದ?"

"ಮಷೀನ ಅದು, ಅಮ್ಮಾ. ಯಾವದು ಪ್ರವಚನ, ಯಾವದು ರೊಟ್ಟಿ, ಅದಕ್ಕೇನ ಸಮಜತದ?"

"ಸಮಜೋದು ಒಂದು ತಾ ಹಂಗಾದ್ರ."

ಶೌಕತ ಅಲಿ ನಕ್ಕ. "ದುಕಾನದಾಗ ಇನ್ನೆರಡು ಅವ. ಖರೆ, ಅವೂ ಮಷೀನೇ."

"ನಾ ಬಂದು ನೋಡತೀನಿ."

"ನೀವು? ಶಹಾಬಾದಕ್ಕ?"

"ಯಾಕಪ್ಪಾ, ಅಲ್ಲಿ ಹೆಂಗಸರಿಗಿ ರೈಲು ನಿಂದರಂಗಿಲ್ಲೇನು?"

ಊರಲ್ಲೇ ಉಳಿದಿದ್ದ ಅವನು ಗುರುವಾರ ಬ್ಯಾಟರಿಗೆ ಮತ್ತೆ ಕರೆಂಟು ತುಂಬಿಸಲು ಹೊರಟಾಗ ಶಿವಕಾಂತಮ್ಮ, ಭಾಗಮ್ಮ ಇಬ್ಬರೂ ಜೊತೆಗಿದ್ದರು. ಶಿವಕಾಂತಮ್ಮನ ಗಂಟಿನಲ್ಲಿ ಜೋಳದ ಹಿಟ್ಟು. ಬಡಿಯುವ ಕಲ್ಲನ್ನೂ ಹೊರಲು ಹೋದಾಗ ಭಾಗಮ್ಮ ತಡೆದಿದ್ದಳು: "ಶಹಾಬಾದಕ್ಕ ಕಲ್ಲು ಹೊತ್ಕೊಂಡು ಹೋಗತೀಯೇನ ಯಕ್ಕಾ? ಅಲ್ಲಿ ಮೋರಿ ಮ್ಯಾಲ ಸೈತ ಅದೇ ಹಾಸ್ಯಾರ." ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಇಳಿಯುವವರೆಗೂ ಭಾಗಮ್ಮ ತನ್ನಿಂದಾದ ಅನಾಹುತಕ್ಕೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಬಂದಳು. "ಹುಳ ಇದ್ದದ್ದಂತೂ ಖರೆ," ಎನ್ನುತ್ತಿದ್ದಳು. ಶಿವಕಾಂತಮ್ಮ ಒಂದೇ ಸಲ ಉತ್ತರ ಕೊಟ್ಟಳು: "ಖರೆ ಇದ್ದದ್ದಕ್ಕೇ ಅವಗ ಉರದದ್ದು. ಸುಳ್ಳಿದ್ರ ನಕ್ಕ ಬಿಡತಿದ್ದ."

ಶೌಕತ ಅಲಿಯ ಅಂಗಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಒಂದು ಚಹಾದ ಅಂಗಡಿಯ ಎದುರಿಗೆ. ಅವನು ಮೂರು ಮೈಕುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. ಊರಿಗೆ ತಂದದ್ದು ಇಂಗಾಲದ ಮೈಕು: ಒಂದು ಡಬ್ಬಿಯಲ್ಲಿ ಇಂಗಾಲದ ಸಣ್ಣ ಕಾಳುಗಳು, ಮುಂದೆ ತೆಳು ತಗಡು. ತಗಡು ನಡುಗಿದಾಗ ಕಾಳುಗಳು ಒತ್ತಿಕೊಂಡು ಸಡಿಲವಾಗುತ್ತವೆ, ಕರೆಂಟು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಎರಡನೆಯದು ಹೊಳೆಯುವ ಹರಳಿನ ಮೈಕು; ಹೆಬ್ಬೆಟ್ಟಿನಷ್ಟು ಸ್ಫಟಿಕದ ತುಂಡು ಬಾಗಿದರೆ ಅದೇ ಕರೆಂಟು ಹುಟ್ಟಿಸುತ್ತದೆ. ಮೂರನೆಯದು ಭಾರದ್ದು, ಇಟ್ಟಿಗೆಯಷ್ಟು ಎತ್ತರ, ಎರಡೂ ಕಡೆ ಜಾಲರಿ. ಅದನ್ನು ಅವನು ಸ್ವಲ್ಪ ಹಿಂದಕ್ಕೆ ಇಟ್ಟ.

ಶಿವಕಾಂತಮ್ಮ ಪರೀಕ್ಷೆಗೆ ಆರಿಸಿಕೊಂಡ ರೀತಿ ಸರಳ. ಪ್ರವಚನದ ಜಾಗದಲ್ಲಿ ಶೌಕತ ಅಲಿ, ದಾಸೋಹದ ಮನೆಯ ಜಾಗದಲ್ಲಿ ಭಾಗಮ್ಮ, ಸಭೆಯ ಜಾಗದಲ್ಲಿ ತಾನು. ಭೋಂಗಾವನ್ನು ಓಣಿಯ ಕೊನೆಗೆ ಇಡಿಸಿ ಅದರ ಮುಂದೆ ನಿಂತಳು. ಅಂಗಡಿಯ ಹೊಸ್ತಿಲಿನ ಪರಸಿ ಕಲ್ಲು ತೊಳೆದು ಭಾಗಮ್ಮ ಹಿಟ್ಟು ಕಲಸಿ ಕೂತಳು. ಏನು ಮಾತಾಡಲಿ ಎಂದು ಶೌಕತ ಅಲಿ ಕೇಳಿದ. ಏನಾದರೂ ಆಡು ಎಂದಳು. ಅವನು ಬಾಯಿಪಾಠವಿದ್ದ ಬಟ್ಟೆ ಅಂಗಡಿಯ ಜಾಹೀರಾತನ್ನು ಉರ್ದುವಿನಲ್ಲಿ ಹೇಳತೊಡಗಿದ.

ಇಂಗಾಲದ ಮೈಕು ಬಟ್ಟೆಯನ್ನೂ ರೊಟ್ಟಿಯನ್ನೂ ಒಂದೇ ಸಮ ಕೇಳಿಸಿತು, ಜೊತೆಗೆ ತನ್ನದೇ ಒಂದು ಸುಂಯ್ ಸದ್ದು. ಹರಳಿನ ಮೈಕಿನಲ್ಲಿ ಶೌಕತ ಅಲಿಯ ದನಿ ಎದುರಿಗೆ ನಿಂತಷ್ಟು ತಿಳಿಯಾಗಿ ಬಂತು. "ಇದೇ, ಇದೇ ಇರ್ಲಿ!" ಎಂದು ಶಿವಕಾಂತಮ್ಮ ಓಣಿಯ ಕೊನೆಯಿಂದಲೇ ಕೈ ಎತ್ತಿದಳು. ಕೈ ಇಳಿಸುವ ಮೊದಲೇ ಭೋಂಗಾದಿಂದ ಇನ್ನೊಂದು ದನಿ ಅಷ್ಟೇ ತಿಳಿಯಾಗಿ ಬಂತು. ಎದುರಿನ ಚಹಾದವನು ಗಿರಾಕಿಯೊಬ್ಬನಿಗೆ ಹಾಲಿಗೆ ನೀರು ಬೆರೆಸಿಲ್ಲವೆಂದು ಆಣೆ ಹಾಕುತ್ತಿದ್ದ. ಓಣಿಯೇ ನಕ್ಕಿತು. ಚಹಾದವನು ಸೌಟು ಹಿಡಿದು ಹೊರಗೆ ಬಂದ. ಶಿವಕಾಂತಮ್ಮ ನಗಲಿಲ್ಲ. ತಾನು ಹೊಳಪಿಗೆ ಮೋಸ ಹೋದೆನೆಂದು ಆಕೆಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

"ಆ ದೊಡ್ಡದು ಹಚ್ಚು."

"ಅದು ನಾಜೂಕದ, ಅಮ್ಮಾ. ಒಳಗ ಜರಿ ಎಳಿಯಂಗ ಒಂದು ಪಟ್ಟಿ ಅದ. ಯಾರರೆ ಫೂ ಅಂತ ಊದಿದ್ರ ಹರಕೊಂಡು ಹೋಗತದ. ಯಾರಿಗೂ ಕೊಡಂಗಿಲ್ಲ ನಾ."

"ಸಾಹೇಬ್ರೀ, ತಾವು ಹಚ್ರೀ ಜರಾ."

ಶೌಕತ ಅಲಿಗೆ ಆಕೆಯ ಮರ್ಯಾದೆಯ ಅರ್ಥ ಅಷ್ಟರಲ್ಲಿ ಗೊತ್ತಾಗಿತ್ತು. ಹಚ್ಚಿದ. ಬಟ್ಟೆಯ ಜಾಹೀರಾತು ಬಂತು. ರೊಟ್ಟಿಯ ಸದ್ದೂ ಬಂತು. ಶಿವಕಾಂತಮ್ಮ ಭಾಗಮ್ಮನಿಗೆ ಕೈ ಸನ್ನೆ ಮಾಡಿದಳು: ಅಲ್ಲಿಂದ ಏಳು, ಮೇಜಿನ ಪಕ್ಕಕ್ಕೆ ಕೂಡು. ಭಾಗಮ್ಮ ಗೊಣಗುತ್ತ ಒಂದು ಬಿಡಿ ಪರಸಿಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಜಾಹೀರಾತು ನಡೆದೇ ಇತ್ತು. ರೊಟ್ಟಿ ನಿಂತುಹೋಯಿತು.

ಸ್ವಲ್ಪ ಕಾದು ಶಿವಕಾಂತಮ್ಮ ಓಣಿಯುದ್ದಕ್ಕೂ ಕೂಗಿದಳು, "ಯಾಕ ನಿಂದರಿಸಿದಿ? ಬಡೀ!"

ಭಾಗಮ್ಮ ಬಾಗಿಲಿಗೆ ಬಂದಳು, ಎರಡೂ ಅಂಗೈ ಮುಂದೆ ಹಿಡಿದು. "ಎಲ್ಲಿ ನಿಂದರಿಸೀನಿ? ಬಡದು ಬಡದು ಕೈ ಉರಿಲಿಕತ್ತಾವ! ನಿನಗೂ ನನ್ನಂಗ ಕಿವಿ ಹೋದ್ವೇನು?"

ಶಿವಕಾಂತಮ್ಮ ಸೀರೆ ಎತ್ತಿ ಹಿಡಿದು ಓಡಿಬಂದಳು. ಮತ್ತೆ ಬಡಿಸಿದಳು, ಭಾಗಮ್ಮನನ್ನು ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿಸಿದಳು. ಮುಂದೆ ಕೂತರೆ ಸದ್ದು. ಹಿಂದೆ ಕೂತರೂ ಅಷ್ಟೇ ಸದ್ದು. ಎಡಕ್ಕೆ, ಬಲಕ್ಕೆ ಕೂತರೆ ಇಲ್ಲ.

ಕಾರಣ ಆ ಮೈಕಿನ ರಚನೆಯಲ್ಲಿದೆ. ಅದರೊಳಗೆ ಅಯಸ್ಕಾಂತದ ಎರಡು ತುದಿಗಳ ನಡುವೆ ಅಲ್ಯೂಮಿನಿಯಂನ ತೆಳು ಪಟ್ಟಿಯೊಂದು ನೇತಾಡುತ್ತದೆ. ಮುಂದಿನಿಂದಲೋ ಹಿಂದಿನಿಂದಲೋ ಬಂದ ಸದ್ದು ಪಟ್ಟಿಯನ್ನು ಅಲುಗಿಸುತ್ತದೆ. ಪಕ್ಕದಿಂದ ಬಂದ ಸದ್ದು ಪಟ್ಟಿಯ ಎರಡೂ ಮೈಯನ್ನು ಒಂದೇ ಹೊತ್ತಿಗೆ ಒಂದೇ ಬಲದಿಂದ ಒತ್ತುತ್ತದೆ, ಪಟ್ಟಿ ಅಲುಗುವುದಿಲ್ಲ. ಇಬ್ಬರು ಹಾಡುಗಾರರು ಎದುರುಬದುರು ಕೂತು ಹಾಡಲು ಇದು ಅನುಕೂಲವೆಂದು ಶೌಕತ ಅಲಿಗೆ ಗೊತ್ತಿತ್ತು. ಅದರ ಕಿವುಡುತನದಿಂದಲೂ ಉಪಯೋಗವಿದೆ ಎಂದು ಅವನು ಎಣಿಸಿರಲಿಲ್ಲ. ಮಠದಲ್ಲಿ ಶಾಸ್ತ್ರಿಗಳು ಪೂರ್ವಕ್ಕೆ ಮುಖ ಮಾಡಿ ಕೂಡುತ್ತಿದ್ದರು. ದಾಸೋಹದ ಮನೆ ಉತ್ತರಕ್ಕೆ, ಭೋಂಗಾ ದಕ್ಷಿಣಕ್ಕೆ; ಎರಡೂ ಮೈಕಿನ ಪಕ್ಕಕ್ಕೆ.

"ಹುಷಾರಿಲೇ ಇಡಬೇಕು," ಎಂದ ಅವನು. "ಇದರ ದನಿ ಸಣ್ಣದು. ಮಾತಾಡವರು ಭಾಳ ದೂರ ಕುಂತ್ರ ಪೆಟಗಿ ಗುಂಡಿ ಜೋರು ಮಾಡಬೇಕಾಗತದ. ಜೋರು ಮಾಡಿದ್ರ ಗ್ವಾಡಿಗಿ ಬಡದು ಬರೋ ಸದ್ದೂ ಹಿಡೀತದ."

ಸೋಮವಾರ ಮಧ್ಯಾಹ್ನ ಅವನು ಆ ಮೈಕನ್ನು ಮಠದ ಅಂಗಳಕ್ಕೆ ತಂದು, ಪೆಟ್ಟಿಗೆ ಬಿಚ್ಚಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಜಾಲರಿ ಒರೆಸಿದ. ಮೇಜನ್ನು ಪೀಠಕ್ಕೆ ತಗುಲುವಂತೆ ಇಟ್ಟು, ಜಾಲರಿಯನ್ನು ಶಾಸ್ತ್ರಿಗಳ ಕಡೆ ಮಾಡಿ, ಬ್ಯಾಟರಿಯ ತಂತಿ ನೋಡಲು ಹೊರಗೆ ಹೋದ. ಅವನು ಹೊರಗೆ ಹೋದ ಮೇಲೆ ಮಠದ ಇಬ್ಬರು ಸೇವಕರು ಬಂದು ಮೇಜನ್ನು ಎತ್ತಿ ಎರಡು ಮಾರು ಮುಂದಕ್ಕೆ ಇಟ್ಟರು. ಮೈಕಿನ ಮೇಲೆ ಕಾವಿಯ ರೇಷ್ಮೆ ವಸ್ತ್ರ ಹೊದಿಸಿದರು. ಮೊದಲ ಸೋಮವಾರವೂ ಅವರು ಹಾಗೆಯೇ ಮಾಡಿದ್ದರು. ನಗೆಯ ಗದ್ದಲದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ.

ಪ್ರವಚನ ಶುರುವಾಯಿತು. ಶಾಸ್ತ್ರಿಗಳ ದನಿ ಬಾವಿಯ ತಳದಿಂದ ಬಂದಂತಿತ್ತು. ಶೌಕತ ಅಲಿ ಗುಂಡಿ ತಿರುವಿದ. ಭೋಂಗಾ ಕುಂಯ್ ಎಂದು ಕಿರುಚಿತು. ಇಳಿಸಿದ, ಮಾತು ಅಡಗಿತು. ಮತ್ತೆ ಏರಿಸಿದಾಗ ಮುಂದಿನ ಸಾಲಿನವರ ಕೆಮ್ಮು, ನಶ್ಯದ ಸೀನು, ಎದುರು ಗೋಡೆಗೆ ತಾಗಿ ಮರಳಿದ ರೊಟ್ಟಿಯ ಸದ್ದು, ಎಲ್ಲವೂ ಒಟ್ಟಿಗೆ ಬೇವಿನ ಮರದಿಂದ ಸುರಿದವು.

ನಾಗೇಂದ್ರಪ್ಪ ಎದ್ದು ನಿಂತ. ಅವನ ಮುಖದಲ್ಲಿ ಸಮಾಧಾನವಿತ್ತು. "ಆಯ್ತಲ್ಲ? ಎತ್ರಿ ಒಲಿ."

ಶಿವಕಾಂತಮ್ಮ ಕಮಾನಿನಿಂದ ಹೊರಗೆ ಬಂದಳು. ಕೈಗಳು ಮೊಣಕೈವರೆಗೂ ಹಿಟ್ಟು. ಹಜಾರದ ನಡುವೆ ಹೆಂಗಸೊಬ್ಬಳು ನಡೆದುಬಂದದ್ದನ್ನು ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಆಕೆ ನಾಗೇಂದ್ರಪ್ಪನನ್ನು ದಾಟಿ ಮೇಜಿನ ಮುಂದೆ ನಿಂತು, ಸೇವಕರನ್ನು ಕೇಳಿದಳು.

"ಮೇಜು ಯಾರ್ರೀ ಸರಿಸಿದವ್ರು?"

ಹಿರಿಯ ಸೇವಕ ಉತ್ತರ ಕೊಟ್ಟ. "ಬಾಯಿ ಹತ್ತಿರ ಹೆಂಗ ಇಡಲಿಕ್ಕ ಬರತದವ್ವಾ? ಎಷ್ಟ ಮಂದಿ ಬಾಯಿ ಎಂಜಲದೊ. ನಾಟಕದವರು ಮಾತಾಡಿದ್ದು, ಕವ್ವಾಲಿಯವರು ಹಾಡಿದ್ದು. ಶಾಸ್ತ್ರಿಗಳ ಮಾರಿಗಿ ಅದನ್ನ ಒಯ್ದು ಹಿಡಿಬೇಕೇನು?"

ಬಾಗಿಲಲ್ಲಿ ತಂತಿ ಹಿಡಿದು ನಿಂತಿದ್ದ ಶೌಕತ ಅಲಿ ನೆಲ ನೋಡಿದ. ಅವನ ಕೈಯಲ್ಲಿ ಆ ಹತ್ತಿ ಇನ್ನೂ ಇತ್ತು. ಶಿವಕಾಂತಮ್ಮ ಅದನ್ನು ನೋಡಿದಳು. ನಂತರ ಪೀಠದ ಕಡೆ ತಿರುಗಿದಳು. ಆಕೆ ಮಾತಾಡಿದ್ದು ಮೆಲ್ಲಗೆ. ಆದರೆ ಗುಂಡಿ ಏರಿಸಿದ್ದೇ ಇತ್ತು, ಆಕೆ ಮೈಕಿನ ಮುಂದೆಯೇ ನಿಂತಿದ್ದಳು.

"ಅಪ್ಪಾರೀ, ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರ್ರೀ. ಹೋದ ಗುರುವಾರ ನಾ ಊರಾಗ ಇರಲಿಲ್ರೀ. ಶುಕ್ರವಾರ ಇದ್ದೆ. ಶುಕ್ರವಾರ ತಾವು ಹೇಳಿದ್ರಿ, ಶರಣರಿಗಿ ಐದು ಸೂತಕ ಇಲ್ಲ ಅಂತ. ಹುಟ್ಟಿನ ಸೂತಕ ಇಲ್ಲ, ಸಾವಿನ ಸೂತಕ ಇಲ್ಲ, ಮುಟ್ಟಿನ ಸೂತಕ ಇಲ್ಲ, ಜಾತಿ ಸೂತಕ ಇಲ್ಲ. ಐದನೇದು ಯಾವದ್ರೀ?"

ಶಾಸ್ತ್ರಿಗಳು ಪಕ್ಕದಲ್ಲಿದ್ದ ನೀರಿನ ತಂಬಿಗೆಗೆ ಕೈ ಚಾಚಿದರು.

"ಎಂಜಲ ಸೂತಕ್ರೀ. ತಾವೇ ಹೇಳಿದ್ದ್ರೀ. ಹೇಳಿ ಜರಾ ತಡದ್ರಿ, ನೀರು ಕುಡದ್ರಿ, ಮತ್ತೊಮ್ಮೆ ಹೇಳಿದ್ರಿ."

"ಅಕ್ಕಾ, ತತ್ವ ಬ್ಯಾರೆ," ಎಂದರು ಶಾಸ್ತ್ರಿಗಳು, ಬೇಸರದಿಂದ. "ಮಠದ ಪದ್ಧತಿ ಬ್ಯಾರೆ."

"ಹೌದೇನ್ರೀ? ನಮಗ ಗೊತ್ತಿರಲಿಲ್ರೀ. ಇಷ್ಟು ವರ್ಷ ಒಲಿ ಮುಂದ ಕುಂತು ಒಂದೇ ಅಂತ ಕೇಳಿದ್ವಿ, ಒಂದೇ ಅಂತ ಓಣ್ಯಾಗ ಹೇಳಿದ್ವಿ. ಬ್ಯಾರೆ ಇದ್ರ ಇವತ್ತೇ ಹೇಳ್ರೀ. ಒಲಿ ನಾನೇ ಎತ್ತತೀನ್ರೀ. ಕಣಕ್ಕ ಯಾಕ, ಮನಿಗೇ ಹೋಗತೀವ್ರೀ. ಕೇಳಲಿಕ್ಕ ಏನ ಉಳೀತದ್ರೀ ಇಲ್ಲಿ?"

ಇದಿಷ್ಟೂ ಸಂತೆಯ ಬಯಲಿಗೆ ಕೇಳುತ್ತಿದೆ ಎಂಬುದು ಆಗ ಆಕೆಯೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ನಾಗೇಂದ್ರಪ್ಪ ಶೌಕತ ಅಲಿಗೆ ಬಂದ್ ಮಾಡೆಂದು ಕೈ ಬೀಸಿದ. ಶೌಕತ ಅಲಿ ತಂತಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

ಶಾಸ್ತ್ರಿಗಳ ಮುಖ ಕೆಂಪಾಗಿತ್ತು. ಅವರು ಪೀಠದಿಂದ ಇಳಿದು ಬಂದು, ರೇಷ್ಮೆ ವಸ್ತ್ರವನ್ನು ಮೈಕಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡರು. ಮೇಜಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ಹಿಡಿಯಲು ಸೇವಕರು ಬರಲಿಲ್ಲ; ಬಾಗಿಲಿನಿಂದ ಶೌಕತ ಅಲಿ ಬಂದ. ಅವನು ಒಳಗೆ ಬರಬಹುದೇ ಎಂದು ಯಾರೋ ಗೊಣಗಿದರು. ಶಾಸ್ತ್ರಿಗಳು ಆ ಕಡೆ ತಿರುಗಿ ಒಮ್ಮೆ ನೋಡಿದರು, ಗೊಣಗು ನಿಂತಿತು.

ದೂರ ಅರ್ಧವಾದರೆ ಸದ್ದಿನ ಒತ್ತಡ ಎರಡು ಪಟ್ಟಾಗುತ್ತದೆ. ಎರಡು ಮಾರಿನಿಂದ ಮೇಜು ಪೀಠಕ್ಕೆ ಬಂದಾಗ ಶೌಕತ ಅಲಿ ಗುಂಡಿಯನ್ನು ಎಷ್ಟು ಇಳಿಸಿದನೆಂದರೆ ಭೋಂಗಾ ಬಂದ್ ಆಯಿತೆಂದು ಹೊರಗಿನವರು ತಿಳಿದರು. ಒಳಗಿನಿಂದ ಭಾಗಮ್ಮ ಒಂದು ರೊಟ್ಟಿ ಬಡಿದಳು, ಬೇಕೆಂದೇ ಜೋರಾಗಿ. ಹಜಾರದಲ್ಲಿ ಕೇಳಿತು, ಮರದಿಂದ ಕೇಳಲಿಲ್ಲ. ಶಾಸ್ತ್ರಿಗಳು ಮಾತು ಶುರುಮಾಡಿದರು, ತಗ್ಗಿದ ದನಿಯಲ್ಲಿ. ಅದು ಸಂತೆಯ ಬಯಲಿನವರೆಗೂ ಹೋಯಿತು. ಮುಂದಿನ ಸಾಲಿನವರ ಸೀನು ಮಾತ್ರ 'ಕಿವಿ ಇರುವ' ಕಡೆಯಿಂದ ಬರುತ್ತಿದ್ದುದರಿಂದ ಆಗಾಗ ಜೊತೆಗೆ ಹೋಗುತ್ತಿತ್ತು. ನಾಗೇಂದ್ರಪ್ಪ ಎರಡು ದಿನ ನಶ್ಯದ ಡಬ್ಬಿ ಮುಟ್ಟದೆ ಕೂತ. ಮೂರನೆಯ ದಿನ ಹಿಂದಿನ ಸಾಲಿಗೆ ಹೋದ.

ಒಲೆಗಳು ಆ ಶ್ರಾವಣವಿಡೀ ಅಲ್ಲೇ ಉಳಿದವು, ಮರುವರ್ಷವೂ ಉಳಿದವು. ೧೯೪೮ರಲ್ಲಿ ಪ್ರವಚನ ನಡೆಯಲಿಲ್ಲ. ಸಂಸ್ಥಾನದ ಗಲಭೆ ನಡೆದಿದ್ದ ಆ ಮಳೆಗಾಲ ಸಂಜೆ ನಾಲ್ಕು ಮಂದಿ ಒಂದು ಕಡೆ ಕೂಡಲೂ ಜನ ಹೆದರುತ್ತಿದ್ದರು. ಶೌಕತ ಅಲಿ ಅಂಗಡಿ ಮುಚ್ಚಿಕೊಂಡು ವಾಡಿಯಲ್ಲಿ ಅಳಿಯನ ಮನೆಗೆ ಹೋಗಿದ್ದ. ಅವನು ಒಪ್ಪಿಸಿ ಹೋದ ಮೂರನೆಯ ಮೈಕು ಶಿವಕಾಂತಮ್ಮನ ಮನೆಯ ನೆಲುವಿನ ಮೇಲೆ, ಪಂಜೆಯಲ್ಲಿ ಸುತ್ತಿ, ಆ ವರ್ಷ ದಾಟಿತು. ಯಾರೂ ಅದಕ್ಕೆ ಊದದಂತೆ ಆಕೆ ನೋಡಿಕೊಂಡಳು.

ಆದರೆ ಒಲೆಗಳು ಉಳಿದದ್ದು ಆ ಒಂದು ಸೋಮವಾರದ ಜಗಳದಿಂದಲೇ ಅಲ್ಲ. ಮಂಗಳವಾರ ಸಂಜೆ ಸೇವಕರು ಮೇಜನ್ನು ಮತ್ತೆ ಸರಿಸಿದ್ದರು, ಎರಡು ಮಾರಲ್ಲ, ಒಂದೂವರೆ ಮೊಳ. ಸಾಕಷ್ಟು ಹತ್ತಿರವೇ ಇದೆಯಲ್ಲ ಎಂದರು. ಶೌಕತ ಅಲಿ, ಭಾಳ ಹತ್ತಿರವಾದರೆ ಉಸಿರಿಗೆ ಪಟ್ಟಿ ಹರಿದೀತು, ಭಾಳ ದೂರವಾದರೆ ನಿನ್ನೆಯ ಕಥೆ ಎಂದ. ಎಷ್ಟಿರಬೇಕೆಂದು ಹೇಳು ಎಂದರೆ, ನೋಡಿ ಇಡಬೇಕು ಎಂದ. ಸೇವಕರು, ನೋಡೇ ಇಟ್ಟೀವಿ ಎಂದರು. ಶಾಸ್ತ್ರಿಗಳು ಆಗಲೇ ಪೀಠದ ಮೇಲೆ ಕೂತಿದ್ದರು, ಸಭೆ ತುಂಬಿತ್ತು, ಭೋಂಗಾ ಚಾಲೂ ಇತ್ತು.

ಶಿವಕಾಂತಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಮೈಕನ್ನು ಮೇಜಿನ ಅಂಚಿಗೆ ಎಳೆದು, ಮೇಜನ್ನು ಸೋಮವಾರ ಇದ್ದ ಜಾಗಕ್ಕೇ ಸೊಂಟದಿಂದ ನೂಕಿ, ಬಲಗೈಯ ನಾಲ್ಕು ಬೆರಳು ಜೋಡಿಸಿ ಜಾಲರಿಗೆ ತಗುಲಿಸಿ ಹಿಡಿದಳು. ಅದರ ಪಕ್ಕಕ್ಕೆ ಎಡಗೈಯ ನಾಲ್ಕು ಬೆರಳು. ಅದರ ಪಕ್ಕಕ್ಕೆ ಮತ್ತೆ ಬಲಗೈಯ ನಾಲ್ಕು. ಕೊನೆಯ ಬೆರಳು ಶಾಸ್ತ್ರಿಗಳ ತುಟಿಯ ಮುಂದೆ ಬಂದು ನಿಂತಿತು, ತಾಗಲಿಲ್ಲ. ವಿಧವೆಯ ಕೈ ಪ್ರವಚನಕಾರರ ಮುಖದ ಹತ್ತಿರ ಬಂದದ್ದನ್ನು ನೋಡಿ ಹಿಂದಿನ ಸಾಲಿನವರು ಎದ್ದು ನಿಂತರು. ಶಾಸ್ತ್ರಿಗಳು ಹಿಂದೆ ಸರಿಯಲಿಲ್ಲ. ಅಂದಿನಿಂದ ಪ್ರತಿ ಸಂಜೆ, ಎರಡು ಶ್ರಾವಣದುದ್ದಕ್ಕೂ, ಪ್ರವಚನಕ್ಕೆ ಮುಂಚೆ ಆಕೆ ಬಂದು ಹಾಗೆಯೇ ಅಳೆದು ಹೋದಳು; ಮತ್ತೆಂದೂ ಬಾಯಿ ತೆರೆಯಲಿಲ್ಲ. ಆ ಮಂಗಳವಾರ ಮಾತ್ರ, ಬೆರಳು ತೆಗೆಯುವ ಮೊದಲು, ಸೇವಕರ ಕಡೆ ತಿರುಗದೆ, ಸಂತೆಯ ಬಯಲಿಗೆ ಕೇಳುವಂತೆ ಹೇಳಿದಳು:

"ಹನ್ನೆರಡು ಬೆರಳ್ರೀ. ಹನ್ನೆರಡು."